ಗ್ಯಾಸೋ ಗಾಳಿಯೋ

ಜನವರಿ ೯, ಗುರುವಾರ

ಗ್ಯಾಸ್ ಕಂಪನಿಯಲ್ಲಿ ಮೂವತ್ತು ವರ್ಷ ನಾನು ಮಾಡಿದ್ದು ಒಂದೇ ಕೆಲಸ. ನಮ್ಮೂರು ಫಾಲ್ ರಿವರ್‌ನ ಮನೆಗಳಿಗೆ ಹೋಗಿ, ಮನೆ ಬಿಸಿ ಮಾಡುವ ಬಾಯ್ಲರಿನ ಪಕ್ಕ ಮೀಟರು ಹಿಡಿದು ನಿಂತು, ಕಾರ್ಬನ್ ಮೊನಾಕ್ಸೈಡ್ ಇದೆಯೋ ಇಲ್ಲವೋ ಹೇಳುವುದು. ಇದ್ದರೆ ಕಿಟಕಿಗಳನ್ನೆಲ್ಲ ತೆರೆಸಿ ಮನೆಯವರನ್ನು ಹಿಮದಲ್ಲಿ ನಿಲ್ಲಿಸುತ್ತಿದ್ದೆ. ಕೆಲವು ಮನೆಗಳಲ್ಲಿ, ನಾನು ಹೋಗುವ ಹೊತ್ತಿಗೆ, ನಿಲ್ಲಿಸಲು ಯಾರೂ ಉಳಿದಿರುತ್ತಿರಲಿಲ್ಲ. ಇವತ್ತು ಬಾಸ್ಟನ್ನಿನ ಆಸ್ಪತ್ರೆಗೆ ಹೋಗಿ, ಅದೇ ಅನಿಲವನ್ನು ವಾರಕ್ಕೆರಡು ಸಲ, ಎರಡೆರಡು ಗಂಟೆ ಮುಖಕ್ಕೆ ಕಟ್ಟಿಕೊಂಡು ಎಳೆದುಕೊಳ್ಳುತ್ತೇನೆಂದು ಒಪ್ಪಿಕೊಂಡು ಬಂದೆ.

ನನ್ನ ಶ್ವಾಸಕೋಶ ಒಳಗಿನಿಂದ ಗಟ್ಟಿಯಾಗುತ್ತಿದೆ. ಹಳೆಯ ಗಾಯದ ಕಲೆಯ ಹಾಗೆ, ಅಂದರು ಡಾಕ್ಟರ್ ಆರೊನ್ಸನ್. ಕಾರಣ ಗೊತ್ತಿಲ್ಲ, ಮದ್ದೂ ಗೊತ್ತಿಲ್ಲ. ಆದರೆ ಈ ಅನಿಲ ಬಹಳ ಕಡಿಮೆ ಪ್ರಮಾಣದಲ್ಲಿ ಒಳಗೆ ಹೋದರೆ ಉರಿಯೂತ ತಗ್ಗುತ್ತದೆ, ಶ್ವಾಸಕೋಶ ಗಟ್ಟಿಯಾಗುವುದೂ ನಿಧಾನವಾಗಬಹುದು, ಇಲಿಗಳಲ್ಲಿ ಹಾಗಾಗಿದೆ ಎಂದರು. ಆ ಇಲಿಗಳು ಈಗ ಹೇಗಿವೆ ಎಂದು ಕೇಳಿದೆ. ನೋಡಲಿಕ್ಕೆಂದು ಎಲ್ಲವನ್ನೂ ಕೊಯ್ದಾಯಿತು ಎಂದರು.

ಈ ಪ್ರಯೋಗಕ್ಕೆ ಸೇರಿಕೊಂಡವರಲ್ಲಿ ಅರ್ಧ ಜನಕ್ಕೆ ಗ್ಯಾಸು, ಅರ್ಧ ಜನಕ್ಕೆ ಬರೀ ಗಾಳಿ. ಯಾರಿಗೆ ಯಾವುದು ಎಂದು ನಮಗೂ ಗೊತ್ತಿರುವುದಿಲ್ಲ, ಅವರಿಗೂ ಗೊತ್ತಿರುವುದಿಲ್ಲ. ಗೊತ್ತಾದರೆ ಲೆಕ್ಕವೇ ಕೆಡುತ್ತದಂತೆ. ಇನ್ನೊಂದು ಮಾತು ಹೇಳಿದರು: ಹಳೆಯ ರಕ್ತ ಒಡೆಯುವಾಗ ನಮ್ಮ ದೇಹವೇ ದಿನಾ ಒಂದಿಷ್ಟು ಕಾರ್ಬನ್ ಮೊನಾಕ್ಸೈಡನ್ನು ತಯಾರಿಸುತ್ತದಂತೆ. ಅರವತ್ತೆಂಟು ವರ್ಷ ನನ್ನೊಳಗೇ ಸೋರಿಕೆ ಇದ್ದದ್ದು ನನಗೆ ತಿಳಿದಿರಲಿಲ್ಲ.

ಮನೆಗೆ ಬಂದು ಹೆಂಡತಿ ಡಿಯೊಲಿಂಡಾಗೆ ಎಲ್ಲ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡು, ಅಂಗಡಿಗೆ ಹೋಗಿ ಗ್ಯಾಸ್ ಸೋರಿದರೆ ಕೂಗುವ ಇನ್ನೊಂದು ಅಲಾರಂ ತಂದು, ಹಾಸಿಗೆಯಲ್ಲಿ ನಾನು ಮಲಗುವ ಬದಿಯ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದಳು.

ಜನವರಿ ೧೩, ಸೋಮವಾರ

ಮೊದಲ ದಿನ. ಒರಗು ಕುರ್ಚಿ, ಮುಖಕ್ಕೆ ಮಾಸ್ಕು, ಗೋಡೆಯೊಳಗಿಂದ ಬರುವ ಕೊಳವೆ. ರಬ್ಬರಿನ ವಾಸನೆ ಬಿಟ್ಟರೆ ಬೇರೇನೂ ಇಲ್ಲ. ಗ್ಯಾಸಾದರೂ ಅಷ್ಟೇ, ಗಾಳಿಯಾದರೂ ಅಷ್ಟೇ, ಬಣ್ಣವಿಲ್ಲ, ವಾಸನೆಯಿಲ್ಲ. ನೋಡಿಕೊಳ್ಳುವ ನರ್ಸ್ ಮಿರ್ಲಾಂಡ್ ಹೈಟಿಯವರು. ತಲೆನೋವೇ, ವಾಕರಿಕೆಯೇ ಎಂದು ಆಗಾಗ ಕೇಳುತ್ತಾರೆ. ನಾನು ಮನೆಮನೆಯಲ್ಲಿ ಕೇಳುತ್ತಿದ್ದ ಪ್ರಶ್ನೆಗಳೇ. ಆಗ ಹೌದು ಅಂದವರನ್ನು ಎತ್ತಿಕೊಂಡು ಹೊರಗೆ ಓಡುತ್ತಿದ್ದೆ.

ಪಕ್ಕದ ಕುರ್ಚಿಯಲ್ಲಿ ಮಿಸೆಸ್ ತೆತ್ರೋ ಎಂಬವರು. ಕುಳ್ಳಗೆ, ಗಟ್ಟಿ ದನಿ. ಅವರೂ ಫಾಲ್ ರಿವರ್‌ನವರೇ, ಎರಡು ಬಸ್ ಬದಲಿಸಿ ಬಂದಿದ್ದರು. ಮುಂದಿನ ಸಲದಿಂದ ನಿಮ್ಮ ಕಾರಿನಲ್ಲಿ ಕರೆತರಬಹುದಲ್ಲ ಎಂದು ಮಿರ್ಲಾಂಡ್ ಕೇಳಿದರು. ಮಾಸ್ಕಿನೊಳಗಿಂದ ನೆಪ ಹೇಳುವುದು ಕಷ್ಟ. ತಲೆಯಾಡಿಸಿದೆ.

ಜನವರಿ ೧೬, ಗುರುವಾರ

ಮಿಸೆಸ್ ತೆತ್ರೋ ನಮ್ಮೂರಿನ ಶಾಲೆಯ ಬಸ್ ಓಡಿಸಿ ನಿವೃತ್ತರಾದವರು. ಓಡಿಸುವಾಗ ಕೆಮ್ಮು ಬಂದರೆ ಕಣ್ಣು ಕತ್ತಲಾಗುತ್ತದೆಂದು ಈಗ ಸ್ಟೀರಿಂಗ್ ಮುಟ್ಟುವುದಿಲ್ಲ. ಬಾಯಿಗೆ ಅಂಥ ತೊಂದರೆಯಿಲ್ಲ. ಹೈವೇ ಹತ್ತುವ ಮೊದಲೇ ಶುರು ಮಾಡಿದರು.

"ನೀವು ಇಂಡಿಕೇಟರ್ ಹಾಕಿ ತಿರುಗಿಸ್ತೀರೋ, ತಿರುಗಿಸಿ ಹಾಕ್ತೀರೋ?"

ಮೂವತ್ತು ವರ್ಷ ಕಂಪನಿಯ ವ್ಯಾನು ಓಡಿಸಿದ್ದೇನೆ ಎಂದೆ. ಅದಕ್ಕೇ ಇರಬೇಕು, ಖಾಲಿ ವ್ಯಾನಲ್ಲಿ ಯಾರೂ ಬೈಯೋರಿರಲ್ಲ ಎಂದರು.

ಬಾಸ್ಟನ್‌ಗೆ ಒಂದು ಗಂಟೆಯ ದಾರಿ. ಬರುವಾಗಲೂ ಅಷ್ಟೇ.

ಜನವರಿ ೩೦, ಗುರುವಾರ

ಹಿಮ. ಹೋಗಿ ಬಂದೆವು. ಅವರು ಮಾತಾಡಿದರು.

ಫೆಬ್ರವರಿ ೬, ಗುರುವಾರ

ಹೇಳಿಕೊಳ್ಳಲು ಸಂಕೋಚವಾಗುತ್ತದೆ, ಆದರೆ ಎದೆ ಹಗುರವಾಗಿದೆ. ನೆಲಮಾಳಿಗೆಯಿಂದ ಆಲೂಗಡ್ಡೆ ಚೀಲ ಹೊತ್ತು ಒಂದೇ ಉಸಿರಿಗೆ ಮೇಲೆ ಬಂದೆ. ಡಿಯೊಲಿಂಡಾ ಅಡುಗೆಮನೆಯಿಂದ ನೋಡಿದಳು. ಸಂಜೆ ಇಗರ್ಜಿಗೆ ಹೋಗಿ ಮೇಣದಬತ್ತಿ ಹಚ್ಚಿ ಬಂದಳು. ನನಗೆ ಗ್ಯಾಸೇ ಕೊಡುತ್ತಿದ್ದಾರೆ, ಅನುಮಾನವಿಲ್ಲ. ಅದರ ಜೊತೆ ಅಷ್ಟು ವರ್ಷ ಕೆಲಸ ಮಾಡಿದವನಿಗೆ ಗೊತ್ತಾಗದೇ ಇರುತ್ತದೆಯೇ.

ಮಿಸೆಸ್ ತೆತ್ರೋ ತಮಗೆ ಏನೂ ಗೊತ್ತಾಗುತ್ತಿಲ್ಲ ಎಂದರು. ಪಾಪ ಎನ್ನಿಸಿತು. ಎಲ್ಲರಿಗೂ ಗ್ಯಾಸ್ ಸಿಗುವುದಿಲ್ಲವಲ್ಲ.

ಫೆಬ್ರವರಿ ೧೦, ಸೋಮವಾರ

ನನ್ನ ಹಳೆಯ ಮೀಟರು ನೆಲಮಾಳಿಗೆಯಲ್ಲೇ ಇತ್ತು. ಬೆಳಿಗ್ಗೆ ಅದನ್ನು ಕಾರಿನಲ್ಲಿ ಇಟ್ಟುಕೊಂಡೆ. ಗ್ಯಾಸು ಒಳಗೆ ಹೋಗಿದ್ದರೆ ಸ್ವಲ್ಪ ಹೊತ್ತಿನವರೆಗೆ ಉಸಿರಿನಲ್ಲಿ ಹೊರಗೆ ಬರುತ್ತಲೇ ಇರುತ್ತದೆ. ಇಷ್ಟು ತಿಳಿಯಲು ಡಾಕ್ಟರಾಗಬೇಕಿಲ್ಲ, ಮಾಡಬಾರದು ಎಂದು ತಿಳಿಯಲೂ ಡಾಕ್ಟರಾಗಬೇಕಿಲ್ಲ.

ಎಲ್ಲ ಮುಗಿದ ಮೇಲೆ ಮಿಸೆಸ್ ತೆತ್ರೋ ಬಾತ್‌ರೂಮಿಗೆ ಹೋದರು. ನಾನು ಮುಂದಾಗಿ ಕಾರಿಗೆ ಬಂದು, ಉಸಿರು ಬಿಗಿಹಿಡಿದು, ಮೀಟರಿಗೆ ಊದಿದೆ.

ಎರಡು.

ಬ್ಯಾಟರಿ ಬದಲಿಸಿ ಮತ್ತೆ ಊದಿದೆ. ಎರಡು. ಅದು ನನ್ನದೇ, ದೇಹ ತಾನೇ ಮಾಡಿಕೊಂಡದ್ದು. ಆಸ್ಪತ್ರೆಯವರು ಕೊಟ್ಟದ್ದು ಸೊನ್ನೆ. ಒಂದು ತಿಂಗಳಿಂದ ನಾನು ಬಾಸ್ಟನ್‌ಗೆ ಹೋಗಿ ಗಾಳಿ ಕುಡಿದು ಬರುತ್ತಿದ್ದೇನೆ.

ಮನೆಗೆ ಬಂದು ಮೀಟರಿನ ಡಬ್ಬಿ ತರಲು ನೆಲಮಾಳಿಗೆಗೆ ಇಳಿದೆ. ಹತ್ತುವಾಗ ಎರಡು ಸಲ ನಿಂತೆ.

ಫೆಬ್ರವರಿ ೧೧, ಮಂಗಳವಾರ

ಇನ್ನು ಹೋಗುವುದಿಲ್ಲ ಎಂದು ಡಿಯೊಲಿಂಡಾಗೆ ಹೇಳಿದೆ. ಕಾರಣ ಕೇಳಿದಳು. ಹೇಳಿದೆ. ಅವಳು ಸೂಪಿಗೆ ಕೇಲ್ ಸೊಪ್ಪು ಹೆಚ್ಚುತ್ತಿದ್ದಳು, ಹೆಚ್ಚುತ್ತಲೇ ಇದ್ದಳು.

"ನೀನು ಮನೆಮನೆಗೆ ಹೋಗಿ ಗ್ಯಾಸ್ ಇಲ್ಲ ಅಂತ ಹೇಳಿದಾಗ ಜನ ಖುಷಿಯಾಗಿ ಕಾಫಿ ಕೊಡ್ತಿದ್ರು. ಈಗ ನಿನಗೇ ಇಲ್ಲ ಅಂದ್ರೆ ಊಟ ಬಿಟ್ಟು ಕೂತಿದೀಯ."

ಅದು ಬೇರೆ, ಇದು ಬೇರೆ ಎಂದೆ. ಆ ಹೆಂಗಸನ್ನು ಯಾರು ಕರೆದುಕೊಂಡು ಹೋಗುತ್ತಾರೆ ಎಂದು ಕೇಳಿದಳು. ಬಸ್ಸಿದೆ ಎಂದೆ.

"ಬಸ್ಸಿದೆ" ಎಂದು ಅವಳೂ ಅಂದಳು. ಸಾಸೇಜನ್ನು ಬೇಕಾದ್ದಕ್ಕಿಂತ ಜೋರಾಗಿ ಕತ್ತರಿಸಿದಳು.

ಫೆಬ್ರವರಿ ೧೩, ಗುರುವಾರ

ಬರುವುದಿಲ್ಲ ಎನ್ನಲು ಬೆಳಿಗ್ಗೆ ಮಿಸೆಸ್ ತೆತ್ರೋಗೆ ಫೋನ್ ಮಾಡಿದೆ. ಅವರು ಎತ್ತಿದವರೇ, ಮೆಟ್ಟಿಲ ಮೇಲೆ ಮಂಜುಗಡ್ಡೆ ಕಟ್ಟಿದೆ, ನಾನು ವರಾಂಡದಲ್ಲೇ ನಿಂತಿರುತ್ತೇನೆ, ನೀವು ಬಂದು ಕೈ ಹಿಡಿಯಿರಿ, ಹಾರ್ನ್ ಮಾಡಬೇಡಿ ಎಂದು ಹೇಳಿ ಇಟ್ಟುಬಿಟ್ಟರು.

ಇದೊಂದು ಸಲ ಹೋಗಿ ಬಂದೆ.

ಫೆಬ್ರವರಿ ೨೦, ಗುರುವಾರ

ಅವರಿಗೆ ಬೇರೆ ಗಾಡಿ ಸಿಗುವವರೆಗೆ ಮಾತ್ರ. ಬಾಸ್ಟನ್ ಕಡೆ ಹೋಗುವವರು ಯಾರಾದರೂ ಇದ್ದಾರೆಯೇ ಎಂದು ಇಗರ್ಜಿಯಲ್ಲಿ ವಿಚಾರಿಸಿದೆ. ಯಾರೂ ಇಲ್ಲ. ನಾನು ವಿಚಾರಿಸಿದ್ದು ಒಬ್ಬರನ್ನು. ಅವರ ಹತ್ತಿರ ಕಾರಿಲ್ಲ.

ಮಾರ್ಚ್ ೩, ಸೋಮವಾರ

ತಪ್ಪು ನನ್ನದೇ. ಮೀಟರು ಕಾರಿನ ಡ್ಯಾಶ್‌ಬೋರ್ಡಿನ ಖಾನೆಯಲ್ಲೇ ಉಳಿದಿತ್ತು. ಹಿಂದಿರುಗುವಾಗ ನಾನು ಪೆಟ್ರೋಲ್ ಹಾಕಿಸುತ್ತಿದ್ದೆ. ಮಿಸೆಸ್ ತೆತ್ರೋ ಕಾಗದದ ಕರವಸ್ತ್ರಕ್ಕೆಂದು ಖಾನೆ ತೆರೆದು ಅದನ್ನು ಕೈಗೆತ್ತಿಕೊಂಡಿದ್ದರು. ಬಂದು ಕೂತಾಗ, ಇದೇನು ಎಂದು ಕೇಳಿದರು. ಗ್ಯಾಸಿನ ಮೀಟರು, ಹಳೆಯದು ಎಂದೆ. ಊದಿದರೆ ತಿಳಿಯುತ್ತದೆಯೇ ಎಂದರು. ನಾನು ಉತ್ತರ ಹುಡುಕುವಷ್ಟರಲ್ಲಿ ಊದಿಯೇ ಬಿಟ್ಟರು. ಅವರ ಕನ್ನಡಕ ಚೀಲದ ತಳದಲ್ಲಿತ್ತು.

"ಏನಂತೆ, ಓದಿ."

ಮೂವತ್ತೊಂದು. ಇಷ್ಟು ತೋರಿಸುವ ಅಡುಗೆಮನೆಯಾಗಿದ್ದರೆ ನಾನು ಕಿಟಕಿ ತೆರೆಸುತ್ತಿದ್ದೆ.

"ಬ್ಯಾಟರಿ ಹೋಗಿದೆ" ಎಂದೆ.

ಅವರು ನನ್ನನ್ನು ನೋಡಿದರು, ಮೀಟರನ್ನು ನೋಡಿದರು. ಅದು ನನ್ನ ಕೈಯಲ್ಲಿ ಹಸಿರಾಗಿ ಹೊಳೆಯುತ್ತಿತ್ತು. ಖಾನೆ ಮುಚ್ಚಿದರು. ಊರು ಮುಟ್ಟುವವರೆಗೂ ನನ್ನ ಡ್ರೈವಿಂಗಿನ ಬಗ್ಗೆ ಒಂದು ಮಾತೂ ಇಲ್ಲ.

ಗ್ಯಾಸು ಅವರದ್ದು. ಮನೆಗೆ ಬಂದು ಅಸೂಯೆಯಾಗುತ್ತಿದೆಯೇ ಎಂದು ಪರೀಕ್ಷಿಸಿಕೊಂಡೆ. ಆಗುತ್ತಿತ್ತು. ಊಟವಾದ ಮೇಲೆ ಸ್ವಲ್ಪ ಕಡಿಮೆಯಾಯಿತು.

ಮಾರ್ಚ್ ೧೦, ಸೋಮವಾರ

ಮಿಸೆಸ್ ತೆತ್ರೋಗೆ ಜ್ವರ, ಎದೆಯಲ್ಲಿ ಸೋಂಕು. ನಿನ್ನೆಯೇ ಊರಿನ ಆಸ್ಪತ್ರೆಗೆ ಸೇರಿಸಿದ್ದಾರಂತೆ. ನಾನೊಬ್ಬನೇ ಹೋದೆ. ಕಾರನ್ನು ಆಗಲೇ ಬಿಸಿ ಮಾಡಿಟ್ಟಿದ್ದೆ, ಅದಕ್ಕೆ.

ದಾರಿಯುದ್ದಕ್ಕೂ ರೇಡಿಯೊ ಹಾಕಿದ್ದೆ. ಅದು ಬರೀ ತನ್ನ ಪಾಡಿಗೆ ಮಾತಾಡುತ್ತದೆ.

ಮಾರ್ಚ್ ೧೩, ಗುರುವಾರ

ಇಂಥ ಶ್ವಾಸಕೋಶ ಇರುವವರಿಗೆ ಒಂದು ಸೋಂಕು ಸಾಕು ಎಂದು ಮಿರ್ಲಾಂಡ್ ಹೇಳಿದ್ದರು. ಹಾಗಾಗಿ ಇವತ್ತು ಡಾಕ್ಟರ್ ಆರೊನ್ಸನ್ ಕಂಡಾಗ ಆಕೆ ಹೇಗಿದ್ದಾರೆಂದು ಕೇಳಿದೆ. ಜ್ವರ ಇಳಿದಿದೆ, ನಾಳೆ ಮನೆಗೆ ಕಳಿಸುತ್ತಾರೆ ಎಂದರು. ಇಷ್ಟು ಬೇಗ ಇಳಿಯುವುದೇ ಎಂದೆ. ಅವರು ಮನುಷ್ಯ ಒಳ್ಳೆಯವರು, ಒಂದು ಕೇಳಿದರೆ ನಾಲ್ಕು ಹೇಳುತ್ತಾರೆ. ಈ ಗ್ಯಾಸಿಗೆ ಬ್ಯಾಕ್ಟೀರಿಯಾಗಳ ಮೇಲೂ ಹಿಡಿತವಿದೆಯಂತೆ. ಪ್ರಯೋಗಾಲಯದಲ್ಲಿ ಅವುಗಳ ಉಸಿರಾಟವನ್ನೇ ತಡೆಯುತ್ತದೆ. ಇಲಿಗಳಲ್ಲಿ ಬಿಳಿ ರಕ್ತಕಣಗಳು ಅವನ್ನು ಇನ್ನಷ್ಟು ಚುರುಕಾಗಿ ನುಂಗುವ ಹಾಗೆ ಮಾಡುತ್ತದೆ. ಗ್ಯಾಸನ್ನು ಗುಳಿಗೆಯಂತೆ ಕಟ್ಟಿ ಸೋಂಕಿನ ಜಾಗದಲ್ಲೇ ಬಿಡಿಸಲು ಎಷ್ಟೋ ಜನ ಹೆಣಗುತ್ತಿದ್ದಾರಂತೆ. ಆಮೇಲೆ ಅವರೇ ಹೇಳಿದರು:

"ಆದ್ರೆ ಅವರಿಗೆ ಆ್ಯಂಟಿಬಯಾಟಿಕ್ ಕೊಟ್ಟಿದಾರೆ, ಮಿಸ್ಟರ್ ಫುರ್ಟಾಡೊ. ಅವರಿಗೆ ಗ್ಯಾಸೋ ಗಾಳಿಯೋ ಅನ್ನೋದೂ ನಮಗೆ ಗೊತ್ತಿಲ್ಲ. ಒಬ್ಬರನ್ನ ನೋಡಿ ಏನೂ ಹೇಳಕ್ಕಾಗಲ್ಲ. ಅದಕ್ಕೇ ಇಷ್ಟು ಜನ ಬೇಕು, ಅದಕ್ಕೇ ಗಾಳಿಯವರೂ ಬೇಕು."

ನನಗೆ ಗೊತ್ತಿತ್ತು. ಬಾಯಿ ತೆರೆದು ಮುಚ್ಚಿಕೊಂಡೆ. ಅವರು ಗಂಟಲು ನೋಯುತ್ತಿದೆಯೇ ಎಂದು ಕೇಳಿದರು.

ಮಾರ್ಚ್ ೧೬, ಭಾನುವಾರ

ಡಿಯೊಲಿಂಡಾ ಸೂಪು ಮಾಡಿ ಕೊಟ್ಟಳು, ಮಿಸೆಸ್ ತೆತ್ರೋ ಮನೆಗೆ ತೆಗೆದುಕೊಂಡು ಹೋದೆ. ಗೋಡೆ ಹಿಡಿದು ಬಂದು ಬಾಗಿಲು ತೆಗೆದಳು, ಮಿಸೆಸ್ ಗಿಸೆಸ್ ಬೇಡ, ಬರ್ನಿಸ್ ಅಂದರೆ ಸಾಕು ಎಂದಳು. ಅರ್ಧಕ್ಕರ್ಧ ಇಳಿದುಹೋಗಿದ್ದಾಳೆ. ಗಂಡ ಹೋಗಿ ಹನ್ನೊಂದು ವರ್ಷವಾಯಿತಂತೆ. ಅಕ್ಕ ಒಬ್ಬಳು ಫ್ಲಾರಿಡಾದಲ್ಲಿದ್ದಾಳೆ, ಚಳಿಗಾಲದಲ್ಲಿ ಫೋನ್ ಎತ್ತುವುದಿಲ್ಲ, ಎತ್ತಿದರೆ ಅಲ್ಲಿನ ಬಿಸಿಲಿನ ವಿಷಯ ಹೇಳಿ ಇಡುತ್ತಾಳೆ.

ಸೂಪನ್ನು ಪೂರ್ತಿ ಕುಡಿದು, "ಉಪ್ಪು ಜಾಸ್ತಿ. ನಿನ್ನ ಹೆಂಡತಿಗೆ ಹೇಳು, ಚೆನ್ನಾಗಿತ್ತು ಅಂತ" ಎಂದಳು.

ಎರಡನ್ನೂ ಹೇಳಿದೆ. ಡಿಯೊಲಿಂಡಾ ಮೊದಲನೆಯದನ್ನು ಮಾತ್ರ ಕೇಳಿಸಿಕೊಂಡಳು.

ಮಾರ್ಚ್ ೨೪, ಸೋಮವಾರ

ಇವತ್ತಿನದು ಉದ್ದ ಬರೆಯಬೇಕು. ನೆಲಮಾಳಿಗೆಯ ಮೇಜು ಬಿಟ್ಟು ಅಡುಗೆಮನೆಯಲ್ಲೇ ಕೂತಿದ್ದೇನೆ, ಇಲ್ಲಿ ಬೆಳಕು ಚೆನ್ನಾಗಿದೆ.

ಬರ್ನಿಸ್ ಮತ್ತೆ ಹಾಜರಾಗಬಹುದು ಎಂದು ಆಸ್ಪತ್ರೆಯವರು ಹೇಳಿದ್ದರು. ಬೆಳಿಗ್ಗೆ ಹೋದೆ. ಅವಳು ವರಾಂಡದಲ್ಲಿ ಇರಲಿಲ್ಲ. ಬಾಗಿಲು ತಟ್ಟಿದರೆ ಮನೆಯ ಸ್ವೆಟರಿನಲ್ಲೇ ಬಂದು ನಿಂತಳು.

"ನಾನು ಬರಲ್ಲ. ಅವರಿಗೆ ಹೇಳ್ಬಿಡು."

ಮೈ ಹುಷಾರಿಲ್ಲವೇ ಎಂದೆ.

"ಮೈಗೇನೂ ಆಗಿಲ್ಲ, ಯಾವತ್ತಿನ ಹಾಗೇ ಕೆಟ್ಟಿದೆ. ನಂದು ಬರೀ ಗಾಳಿ, ಫುರ್ಟಾಡೊ. ಗ್ಯಾಸಾಗಿದ್ರೆ ಇಷ್ಟು ಹೊತ್ತಿಗೆ ಏನಾದ್ರೂ ಗೊತ್ತಾಗ್ತಿತ್ತು. ಕೆಮ್ಮು ಹಾಗೇ ಇದೆ, ಮೆಟ್ಲು ಹಾಗೇ ಇದೆ, ಮೇಲಿಂದ ಆಸ್ಪತ್ರೆ ಬೇರೆ. ಗಾಳಿ ಎಳ್ಕೊಳ್ಳೋಕೆ ಬಾಸ್ಟನ್ ಯಾಕೆ, ಇಲ್ಲೇ ಹಿತ್ತಲಲ್ಲಿದೆ."

ಮೂವತ್ತೊಂದು ಎಂದು ಒಂದು ಮಾತು ಹೇಳಿದ್ದರೆ ಕೋಟು ಹಾಕಿಕೊಂಡು ಬರುತ್ತಿದ್ದಳು. ಆದರೆ ಆಮೇಲೆ ಪ್ರತಿ ಕೆಮ್ಮಿಗೂ, ಪ್ರತಿ ಮೆಟ್ಟಿಲಿಗೂ ಅವಳು ಅದನ್ನೇ ಲೆಕ್ಕ ಹಿಡಿಯುತ್ತಾಳೆ. ಫೆಬ್ರವರಿಯಲ್ಲಿ ಆಲೂಗಡ್ಡೆ ಚೀಲ ಹೊತ್ತು ಮೇಲೆ ಬಂದವನು ನಾನೇ ಅಲ್ಲವೇ.

"ಗಾಳಿ ನಿಂದಲ್ಲ" ಎನ್ನಲು ಹೋಗಿ, "ಗಾಳಿ ನಂದು" ಎಂದೆ.

"ಯಾರು ಹೇಳಿದ್ದು?"

"ಮೀಟರು."

"ಯಾವಾಗ?"

"ಮೊದಲ ತಿಂಗಳು ಮುಗಿದಾಗ."

ಅವಳು ಬಾಗಿಲ ಚೌಕಟ್ಟಿಗೆ ಒರಗಿದಳು. ಸ್ವಲ್ಪ ಹೊತ್ತು ಇಬ್ಬರೂ ಉಸಿರಾಡಿದೆವು, ಈಗೀಗ ಅದೂ ಒಂದು ಕೆಲಸವೇ.

"ಗೊತ್ತಿದ್ದೂ ಬರ್ತಿದೀಯ."

"ಹೂಂ."

"ಯಾಕೆ?"

ನಿನಗೆ ಗಾಡಿ ಇಲ್ಲವಲ್ಲ ಅದಕ್ಕೆ ಎನ್ನಬೇಕೆಂದಿದ್ದೆ. ಅದನ್ನು ಹೇಳಿದರೆ ಅವಳು ಬಸ್ಸಿನಲ್ಲಿ ಹೋಗುತ್ತಾಳೆ, ಅಥವಾ ಹೋಗುವುದೇ ಇಲ್ಲ. ಅಷ್ಟರಲ್ಲಿ ಬಾಯಿ ಬೇರೆಯದನ್ನೇ ಹೇಳಿತು.

"ಅರ್ಧ ಜನ ಗಾಳಿ ಎಳೆದ್ರೇನೇ ಇನ್ನರ್ಧ ಜನದ್ದು ಏನಾಯ್ತು ಅಂತ ಗೊತ್ತಾಗೋದು. ನಾನು ಬಿಟ್ರೆ ನಿಮ್ಮೆಲ್ಲರದನ್ನ ಯಾವುದಕ್ಕೆ ಹೋಲಿಸ್ತಾರೆ?"

ಡಾಕ್ಟರರ ಮಾತನ್ನು ಕದ್ದು ಹೇಳಿದೆ. ಹೇಳಿದ ಮೇಲೆ ಅದು ನನ್ನದೇ ಮಾತು ಎನ್ನಿಸಿದ್ದು ವಿಚಿತ್ರ.

ಬರ್ನಿಸ್ ನನ್ನ ಹೆಗಲ ಮೇಲಿಂದ ರಸ್ತೆಯ ಕಡೆ ನೋಡಿದಳು.

"ಮೊದಲು ಹೋಗಿ ಕಾರ್ ಸರಿಯಾಗಿ ನಿಲ್ಸು. ಅರ್ಧ ಫುಟ್‌ಪಾತ್ ಮೇಲಿದೆ" ಎಂದು ಕೋಟು ತರಲು ಒಳಗೆ ಹೋದಳು.

ಹೈವೇ ಹತ್ತಿದ ಮೇಲೆ ಒಂದೇ ಮಾತು ಹೇಳಿದಳು: "ನಂದು ಹೇಳ್ಬೇಡ. ಕೇಳಿದ್ರೂ ಹೇಳ್ಬೇಡ." ಆಮೇಲೆ ನನ್ನ ಎಡಕ್ಕೆ ಲಾರಿ ಬರುತ್ತಿರುವುದನ್ನು ನಾನು ಕಂಡಿದ್ದೇನೆಯೇ ಎಂದು ವಿಚಾರಿಸಿದಳು.

ಏಪ್ರಿಲ್ ೩, ಗುರುವಾರ

ಕೊನೆಯ ದಿನ. ಮಾಸ್ಕು ಬಿಚ್ಚಿದ ಮೇಲೆ ಮಿರ್ಲಾಂಡ್ ಒಬ್ಬೊಬ್ಬರನ್ನೇ ಒಳಗೆ ಕರೆದು ಕೇಳುತ್ತಿದ್ದರು. ನಿಮಗೆ ಕೊಟ್ಟದ್ದು ಗ್ಯಾಸೋ ಗಾಳಿಯೋ, ನಿಮಗೇನನ್ನಿಸುತ್ತದೆ? ಗೊತ್ತಿಲ್ಲ ಎಂದರೂ ನಡೆಯುತ್ತದೆ ಎಂದರು.

ಗಾಳಿ ಎಂದೆ. ಯಾಕೆ ಹಾಗನ್ನಿಸಿತು ಎಂದರು. ಎಲ್ಲ ಹೇಳಿದೆ. ಮೀಟರು, ಎರಡು, ಇನ್ನೊಬ್ಬರದ್ದನ್ನೂ ನೋಡಿದ್ದು, ಅವರಿಗೆ ಹೇಳದೇ ಇದ್ದದ್ದು. ಮಿರ್ಲಾಂಡ್ ಪೆನ್ನು ಕೆಳಗಿಟ್ಟರು. ಅವರು ಕೂಗಾಡುವವರಲ್ಲ, ಕೂಗಾಡಿದ್ದರೆ ವಾಸಿಯಿತ್ತು.

"ಇದನ್ನ ನಾನು ಮೇಲಿನವರಿಗೆ ತಿಳಿಸ್ಲೇಬೇಕು."

"ತಿಳಿಸಿ."

"ಗಾಳಿ ಅಂತ ಗೊತ್ತಾದ ದಿನಾನೇ ಬಿಟ್ಟು ಹೋಗಬಹುದಿತ್ತಲ್ಲ. ನಿಮ್ಮನ್ನ ಯಾರೂ ಹಿಡಿದಿರಲಿಲ್ಲ."

ಮಿಸೆಸ್ ತೆತ್ರೋಗೆ ಗಾಡಿ ಬೇಕಿತ್ತು ಎಂದೆ. ಮಿರ್ಲಾಂಡ್ ಪೆನ್ನನ್ನು ಮತ್ತೆ ಕೈಗೆತ್ತಿಕೊಂಡರು. ಆಮೇಲೆ, ಚಳಿಗಾಲದಲ್ಲಿ ಒಂದು ದಿನವೂ ತಪ್ಪಿಸದೆ ಬಂದವರು ಇಡೀ ಗುಂಪಿನಲ್ಲಿ ಇಬ್ಬರೇ, ಇನ್ನೊಬ್ಬರು ಆಸ್ಪತ್ರೆಯ ಎದುರು ಮನೆಯವರು ಎಂದರು.

ಡಾಕ್ಟರ್ ಆರೊನ್ಸನ್ ಬಂದು ಬೈದರು. ಬೈಗುಳಕ್ಕೆ ಅಭ್ಯಾಸವಿಲ್ಲದ ಮನುಷ್ಯ, ನಡುವೆ ಎರಡು ಸಲ ಕ್ಷಮಿಸಿ ಎಂದರು. ನನ್ನ ಅಂಕಿಗಳನ್ನು ಬಿಸಾಡುವುದಿಲ್ಲವಂತೆ, ಪಕ್ಕದಲ್ಲಿ ಗುರುತು ಹಾಕಿ ಇಡುತ್ತಾರಂತೆ. ಮೀಟರು ಎಲ್ಲಿ ಎಂದರು. ತಂದಿದ್ದೆ, ಕೊಟ್ಟೆ.

ಹೊರಗೆ ಬರ್ನಿಸ್ ಕಾಯುತ್ತಿದ್ದಳು. ನೀನೇನು ಹೇಳಿದೆ ಎಂದು ಕೇಳಿದೆ. ಗೊತ್ತಿಲ್ಲ ಎಂದು ಹೇಳಿದಳಂತೆ.

ಏಪ್ರಿಲ್ ೭, ಸೋಮವಾರ

ಎಲ್ಲಿಗೂ ಹೋಗುವುದಿರಲಿಲ್ಲ. ಬೆಳಿಗ್ಗೆ ಎದ್ದು ಕಾರು ಬಿಸಿ ಮಾಡಿದೆ. ಡಿಯೊಲಿಂಡಾ ಕಿಟಕಿಯಿಂದ ನೋಡಿ, ಒಳಗೆ ಬಾ, ಅಥವಾ ಅವಳನ್ನು ತಿಂಡಿಗೆ ಕರೆದುಕೊಂಡು ಬಾ, ಸಿಹಿ ಬ್ರೆಡ್ಡಿದೆ ಎಂದಳು.

ಕರೆದುಕೊಂಡು ಬಂದೆ. ಇಬ್ಬರೂ ಕೂತು ನನ್ನ ಡ್ರೈವಿಂಗಿನ ಬಗ್ಗೆ ಮಾತಾಡಿದರು.

ಅಕ್ಟೋಬರ್ ೧೬, ಗುರುವಾರ

ಬರೆಯದೆ ಆರು ತಿಂಗಳಾಯಿತು. ನಡುವೆ ವಿಶೇಷವೇನೂ ಇಲ್ಲ. ಆಗಸ್ಟಿನಿಂದ ನನಗೆ ಆಕ್ಸಿಜನ್ ಹಾಕಿದ್ದಾರೆ, ಚಿಕ್ಕ ಸಿಲಿಂಡರು, ಹೆಗಲಿಗೆ ತೂಗುಹಾಕಿಕೊಳ್ಳುವುದು.

ಫಲಿತಾಂಶ ಹೇಳುತ್ತೇವೆಂದು ಎಲ್ಲರನ್ನೂ ಆಸ್ಪತ್ರೆಗೆ ಕರೆಸಿದ್ದರು. ಬಿಸ್ಕತ್ತು, ಕಾಫಿ ಇಟ್ಟಿದ್ದರು. ಜನವರಿಯಲ್ಲಿ ಕಂಡ ಕೆಲವರು ಇರಲಿಲ್ಲ, ಅವರೆಲ್ಲಿ ಎಂದು ಯಾರೂ ಕೇಳಲಿಲ್ಲ. ಡಾಕ್ಟರ್ ಆರೊನ್ಸನ್ ಸುತ್ತಿ ಬಳಸದೆ ಹೇಳಿದರು: ಗ್ಯಾಸಿನಿಂದ ಯಾರಿಗೂ ಅಪಾಯವಾಗಲಿಲ್ಲ. ಆದರೆ ಗ್ಯಾಸಿನವರಿಗೂ ಗಾಳಿಯವರಿಗೂ ಕಾಣುವಂಥ ವ್ಯತ್ಯಾಸವೂ ಆಗಲಿಲ್ಲ. ಈ ಕಾಯಿಲೆಗೆ, ಈ ಪ್ರಮಾಣದಲ್ಲಿ, ಈ ದಾರಿಯಲ್ಲಿ ಪ್ರಯೋಜನ ಕಾಣಲಿಲ್ಲ. ಬೇರೆ ಕಾಯಿಲೆಗಳಿಗೆ, ಸೋಂಕುಗಳಿಗೆ, ಬೇರೆಯವರು ಇನ್ನೂ ನೋಡುತ್ತಿದ್ದಾರೆ.

ಹಿಂದೆ ಕೂತಿದ್ದ ಒಬ್ಬರು, ಹಾಗಾದರೆ ನಾವು ಬಂದದ್ದೆಲ್ಲ ದಂಡವೇ ಎಂದು ಕೇಳಿದರು. ಡಾಕ್ಟರು ಕನ್ನಡಕ ಒರೆಸಿಕೊಳ್ಳುತ್ತ ನಿಂತರು. ಅವರು ಇದಕ್ಕೆ ಎಂಟು ವರ್ಷ ಹಾಕಿದ್ದಾರಂತೆ. ನಾನು ಎದ್ದೆ. ಯಾಕೆ ಎದ್ದೆನೋ ಗೊತ್ತಿಲ್ಲ, ಎದ್ದ ಮೇಲೆ ಏನಾದರೂ ಹೇಳಬೇಕಲ್ಲ. ನಾನು ಹೋದ ಮನೆಗಳಲ್ಲಿ ಮುಕ್ಕಾಲು ಪಾಲು ಏನೂ ಸಿಗುತ್ತಿರಲಿಲ್ಲ, ಏನೂ ಇಲ್ಲ ಎಂದು ಖಚಿತವಾಗಿ ಹೇಳುವುದಕ್ಕೇ ನನಗೆ ಸಂಬಳ ಕೊಡುತ್ತಿದ್ದರು ಎಂದೆ. ಅಷ್ಟಕ್ಕೇ ಉಸಿರು ಮುಗಿಯಿತು. ಕೂತೆ. ಬರ್ನಿಸ್ ನನ್ನ ಸಿಲಿಂಡರಿನ ಪಟ್ಟಿ ಸರಿ ಮಾಡಿದಳು.

ಆಮೇಲೆ ಒಬ್ಬೊಬ್ಬರಿಗೂ ಅವರವರದ್ದು ಹೇಳಿದರು. ನಿಮಗೆ ಕೊಟ್ಟದ್ದು ಗ್ಯಾಸು ಎಂದು ಬರ್ನಿಸ್‌ಗೆ ಹೇಳಿದಾಗ ಅವಳು ತಲೆಯಾಡಿಸಿ, ಮುಂದಿನದು ಏನು ಎಂದು ಕೇಳಿದಳು. ಮುಂದಿನದು ಒಂದು ಮಾತ್ರೆ. ಅದರಲ್ಲೂ ಅರ್ಧ ಜನಕ್ಕೆ ಬರೀ ಸಕ್ಕರೆ. ಸೋಮವಾರದಿಂದ ಶುರು, ಆಕ್ಸಿಜನ್ ಇದ್ದವರೂ ಸೇರಬಹುದು. ಬರ್ನಿಸ್ ನನ್ನ ಕಡೆ ನೋಡಿದಳು. ಈ ಸಲ ನನ್ನ ಮುಖದ ಮೇಲೆ ಮಾಸ್ಕಿರಲಿಲ್ಲ, ನೆಪ ಹೇಳಬಹುದಿತ್ತು. ಹೇಳಲಿಲ್ಲ.

ಮಿರ್ಲಾಂಡ್ ಕಂಪ್ಯೂಟರಿನ ಮುಂದೆ ಕೂತು ಅವಳ ವಿವರಗಳನ್ನು ಕೇಳುತ್ತ ಹೋದರು. ತುರ್ತಿದ್ದರೆ ಯಾರಿಗೆ ಫೋನ್ ಮಾಡಬೇಕು, ಅಕ್ಕನಿಗೇನಾ ಎಂದರು. ಅವಳು ಎತ್ತಲ್ಲ, ಇವನ ಹೆಸರು ಹಾಕಿ ಎಂದಳು ಬರ್ನಿಸ್.

"ಪೂರ್ತಿ ಹೆಸರು?"

ಬರ್ನಿಸ್ ನನ್ನ ಕಡೆ ತಿರುಗಿದಳು. "ಫುರ್ಟಾಡೊ, ನಿನ್ನ ಹೆಸರೇನು?"

ಹೊರಾಸಿಯು ಎಂದೆ. ಹೇಗೆ ಬರೆಯುವುದೆಂದು ಮಿರ್ಲಾಂಡ್‌ಗೆ ಒಂದೊಂದೇ ಅಕ್ಷರ ಹೇಳಿದೆ. ಬರ್ನಿಸ್ ಅದನ್ನು ಒಂದು ಸಲ ಬಾಯಲ್ಲಿ ಹೇಳಿ ನೋಡಿ, ಬೇಡ ಎನ್ನುವ ಹಾಗೆ ಬಿಟ್ಟುಬಿಟ್ಟಳು.

"ಸಂಬಂಧ?" ಎಂದರು ಮಿರ್ಲಾಂಡ್.

"ಇದೆ" ಎಂದಳು ಬರ್ನಿಸ್.

ಮಿರ್ಲಾಂಡ್ ಅವರ ಕೈ ಸ್ವಲ್ಪ ಹೊತ್ತು ಕೀಬೋರ್ಡಿನ ಮೇಲೆ ನಿಂತಿತ್ತು. ಆಮೇಲೆ ಹಾಗೆಯೇ ಹಾಕಿಕೊಂಡರು.